‘ಲೆಟ್’ ಎಂಬ ಎರಡು ನಾಲಗೆಯ ಮಾತು

‘ಟು ಲೆಟ್’ ಹಲಗೆಯನ್ನು ಕಾಣದ ಪಟ್ಟಣಿಗರಾರು? ಅಲ್ಲಿ ‘ಲೆಟ್’ ಎಂದರೆ ಬಾಡಿಗೆಗೆ ಬಿಡುವುದು. ಆದರೆ ನಮ್ಮ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಗಳ ಹೆಸರಿನಲ್ಲಿ ಅಚ್ಚಾದ ವಿನಂತಿಯನ್ನು ನೋಡಿ: ಇವರನ್ನು ‘ಲೆಟ್’ ಇಲ್ಲದೆ ಹೋಗಗೊಡಬೇಕು ಎಂದಿದೆ. ಇಲ್ಲಿ ಅದು ಅಡ್ಡಿ!

ಇದು ಒಂದೇ ಶಬ್ದದ ಚಂಚಲತೆಯಲ್ಲ. ಹಳೆಯ ಇಂಗ್ಲಿಷಿನಲ್ಲಿ ಬಿಡು ಎಂಬರ್ಥದ ‘ಲ್ಯಾಟನ್’ ಬೇರೆ, ತಡೆ ಎಂಬರ್ಥದ ‘ಲೆಟ್ಟನ್’ ಬೇರೆ. ಕಾಲಾಂತರದಲ್ಲಿ ಉಚ್ಚಾರಣೆ ಸವೆದು ಎರಡೂ ಒಂದಾದುವು. ಎರಡನೆಯದು ‘ಲೇಟ್’ ಶಬ್ದದ ನೆಂಟ. ತಡಮಾಡಿಸುವುದೇ ಅದರ ಮೂಲಾರ್ಥ. ಕನ್ನಡಿಗರಿಗೆ ಇದು ಹೊಸದೇನಲ್ಲ. ನಮ್ಮ ‘ತಡ’, ‘ತಡೆ’ಗಳೂ ಒಂದೇ ಬಳ್ಳಿಯವು.

ತೊಡಕು ಬರುವುದು ಹಳೆಯ ಸಾಹಿತ್ಯವನ್ನು ಓದುವಾಗ. ಹ್ಯಾಮ್ಲೆಟ್ ನಾಟಕದ ಮೊದಲಂಕದಲ್ಲಿ ತಂದೆಯ ಪ್ರೇತ ಕೈಬೀಸಿ ಕರೆಯುತ್ತದೆ. ಹೊರೇಷಿಯೊ, ಮಾರ್ಸೆಲಸ್ ಇಬ್ಬರೂ ರಾಜಕುಮಾರನನ್ನು ಹಿಡಿದುಕೊಳ್ಳುತ್ತಾರೆ. ತನ್ನನ್ನು ‘ಲೆಟ್’ ಮಾಡುವವನನ್ನೂ ಪ್ರೇತವಾಗಿಸುವೆನೆಂದು ಅವನು ಗದರುತ್ತಾನೆ. ‘ಬಿಡು’ ಎಂಬ ಒಂದೇ ಅರ್ಥ ಕಲಿತವನಿಗೆ, ಹೋಗಗೊಟ್ಟವನನ್ನೇ ಕೊಲ್ಲಹೊರಟ ಹುಚ್ಚನಾಗಿ ಹ್ಯಾಮ್ಲೆಟ್ ಕಂಡಾನು! ಅವನ ಹುಚ್ಚಿನ ಚರ್ಚೆ ಈಗಾಗಲೇ ಸಾಕಷ್ಟಿದೆ. ನಿಘಂಟಿನ ಕೊಡುಗೆಯೂ ಬೇಡ. ಅರ್ಥ ತಿಳಿದ ಅನುವಾದಕ ‘ಪ್ರತಿಬಂಧಿಸಿದರೆ’ ಎಂದು ಬರೆದರೂ ಕೆಟ್ಟಿತು. ತೋಳು ಹಿಡಿಸಿಕೊಂಡವನ ಬಾಯಿಂದ ಅಂಥ ಸಮಾಸ ಹೊರಡುವುದಿಲ್ಲ. ‘ಅಡ್ಡ ಬಂದರೆ’ ಸಾಕು.

1611ರ ಇಂಗ್ಲಿಷ್ ಬೈಬಲಿನಲ್ಲಿ ರೋಮಿಗೆ ಬರಲು ತನಗೆ ಅಡ್ಡಿಯಾಯಿತೆಂದು ಪೌಲನು ಹೇಳುವಲ್ಲಿಯೂ ಇದೇ ‘ಲೆಟ್’. ಟೆನಿಸ್ ಪಂದ್ಯದಲ್ಲಿ ಸರ್ವ್ ಮಾಡಿದ ಚೆಂಡು ಬಲೆಯನ್ನು ಸವರಿ ಸರಿಯಾದ ಅಂಕಣದಲ್ಲಿ ಬಿದ್ದಾಗ ಕೇಳುವುದೂ ಅದೇ. ಅನೇಕರು ಅದನ್ನು ‘ನೆಟ್’ ಎಂದೇ ಕೇಳಿಸಿಕೊಳ್ಳುತ್ತಾರೆ.