ನಲವತ್ತೈದರ ಮೇಲೆ ಹೋರಿ ಕಟ್ಟಿದವರಿಗೆ

ಹರೆಯದಲ್ಲಿ ಹೋರಿ ಹಿಂದೆ ಓಡಿ, ಕೆಲಸಕ್ಕೆಂದು ದಾವಣಗೆರೆಗೋ ಬೆಂಗಳೂರಿಗೋ ಹೋಗಿ, ಮಕ್ಕಳ ಓದು ಒಂದು ದಡ ಮುಟ್ಟಿದ ಮೇಲೆ ಮತ್ತೆ ಕೊಟ್ಟಿಗೆಗೆ ಹೋರಿ ತಂದವರು ಹೊನ್ನಾಳಿ, ನ್ಯಾಮತಿ ಕಡೆ ಸಿಗುತ್ತಾರೆ. ಸಾಕುವ ಬಗ್ಗೆ ಅವರಿಗೆ ಅನುಮಾನವಿಲ್ಲ. ದೀಪಾವಳಿ ಹತ್ತಿರವಾದಂತೆ ಅವರನ್ನು ಕಾಡುವುದು ಬೇರೆ ಪ್ರಶ್ನೆ: ಹೋರಿ ಹಬ್ಬದ ಅಖಾಡಕ್ಕೆ ಬಿಡಬೇಕೋ ಬೇಡವೋ, ಅಷ್ಟು ಖರ್ಚು ಮಾಡಿದ್ದಕ್ಕೆ ಏನು ಸಿಕ್ಕೀತು?

ದುಡ್ಡಂತೂ ಸಿಗುವುದಿಲ್ಲ. ನಾಲ್ಕು ಕ್ವಿಂಟಲ್ ತೂಗುವ ಹೋರಿಗೆ ದಿನಕ್ಕೆ ಸುಮಾರು 10 ಕೆ.ಜಿ. ಒಣಮೇವಿನ ಲೆಕ್ಕ ಹಿಡಿದರೆ ವರ್ಷಕ್ಕೆ 36 ಕ್ವಿಂಟಲ್ ದಾಟುತ್ತದೆ. ಹುರುಳಿ, ಹಿಂಡಿ, ಹತ್ತಿಕಾಳು ಬೇರೆ. ಭತ್ತ ಬೆಳೆಯುವ ಹೊನ್ನಾಳಿಯವರಿಗೆ ಹುಲ್ಲಿನ ಬಣವೆ ಹಿತ್ತಲಲ್ಲೇ ಇರುತ್ತದೆ. ಚನ್ನಗಿರಿಯಲ್ಲಿ ಗದ್ದೆ ಅಡಿಕೆ ತೋಟವಾದ ಮನೆಗಳಿಗೆ ಹುಲ್ಲೂ ಪೇಟೆಯ ಸರಕು. ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ ಅದೇ ಹುಲ್ಲಿಗೆ ಲಾರಿ ಬಾಡಿಗೆಯೂ ಸೇರುತ್ತದೆ. ಇದಿಷ್ಟೂ ಸಾಕುವ ಖರ್ಚು. ಅಖಾಡದ್ದು ಇದರ ಮೇಲೆ: ಗಾಡಿ ಬಾಡಿಗೆ, ಪ್ರವೇಶ ಶುಲ್ಕ, ಕೊಬ್ಬರಿ ಸರ, ಬಲೂನು, ಜೂಲ, ಜೊತೆಗೆ ಬರುವ ಹುಡುಗರ ಊಟ, ಟೀ ಶರ್ಟು. ಬೈಕು, ಬಂಗಾರ ಗೆಲ್ಲುವ ಹೋರಿಗಳು ಬೆರಳೆಣಿಕೆಯಷ್ಟು.

ಆದರೂ ಬಿಡಿ ಎಂದೇ ಹೇಳುತ್ತೇನೆ. ಕೊಟ್ಟಿಗೆಯಲ್ಲಿ ಕೈ ನೆಕ್ಕುವ ಹೋರಿ ಹಲಗೆ ಸದ್ದಿಗೆ, ಸಾವಿರ ಜನರ ಕೂಗಿಗೆ ಏನು ಮಾಡುತ್ತದೆ ಎಂದು ಮನೆಯಲ್ಲಿ ಕೂತು ತಿಳಿಯಲಾಗದು. ಕೆಲವು ಬೆದರಿ ಬೇಲಿಗೆ ಬೀಳುತ್ತವೆ, ಕೆಲವು ಸಿಟ್ಟಿಗೆದ್ದು ಕಂಡವರ ಮೇಲೆ ಏರುತ್ತವೆ. ಒಳ್ಳೆಯ ಹೋರಿ ಕತ್ತು ಎತ್ತಿ ಒಂದು ಕ್ಷಣ ನೋಡುತ್ತದೆ, ಗುಂಪಿನಲ್ಲಿ ಸಂದು ಕಂಡ ಕಡೆ ನುಗ್ಗಿ, ಕೊರಳ ಕೊಬ್ಬರಿ ಕೀಳಲು ಬಿದ್ದ ಕೈಗಳನ್ನು ಬರೀ ವೇಗದಿಂದ ಕೊಡವಿಕೊಂಡು ದಾಟುತ್ತದೆ. ಮೂರು ನಾಲ್ಕು ವರ್ಷ ನೀವು ಮಾಡಿದ ಸಾಕಣೆಯೆಲ್ಲ ಆ ಕೆಲವೇ ಸೆಕೆಂಡುಗಳಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ಅದನ್ನು ನೋಡುವ ಸುಖಕ್ಕೆ ನಾನಂತೂ ಬೆಲೆ ಕಟ್ಟಲಾರೆ.

ಅದಕ್ಕೇ, ಹೆಸರು ಮಾಡಿದ ಹೋರಿಯನ್ನು ಲಕ್ಷಗಟ್ಟಲೆ ಸುರಿದು ತರಬೇಡಿ. ಆ ಓಟ ಹಿಂದಿನ ಮಾಲೀಕ ಸಾಕಿದ್ದರ ಫಲ. ಕರು ತನ್ನಿ, ಹೆಚ್ಚೆಂದರೆ ಎರಡು ಹಲ್ಲಿನದು. ಮೈಸೂರು ಅರಸರು ದಂಡಿನ ಸಾಗಣೆಗೆಂದು ಬೆಳೆಸಿದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ತಳಿಯ ಕೇಂದ್ರ ಪಕ್ಕದ ಅಜ್ಜಂಪುರದಲ್ಲೇ ಇದೆ. ಅದರ ಹೋರಿಕರುಗಳನ್ನು ಬೀರೂರಿನಲ್ಲಿ ಹರಾಜು ಹಾಕುತ್ತಾರೆ. ಬಿಗಿ ಮೈ, ಉದ್ದ ಕೋಡು, ಬಲು ಚುರುಕು, ಅಷ್ಟೇ ಮುಂಗೋಪ. ಬಾಯಿಗೂಡಲು ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ಅದಕ್ಕೆ ನಿಮ್ಮ ದನಿ ಅಭ್ಯಾಸವಾಗಿರುತ್ತದೆ. ನಿಮ್ಮ ವಯಸ್ಸಿಗೆ ತಕ್ಕ ಕೆಲಸವಿರುವುದೂ ಅಲ್ಲೇ. ಹಗ್ಗ ಹಿಡಿದು ಒಳಗೆ ನಡೆಸುವುದನ್ನು ಹುಡುಗರಿಗೆ ಬಿಡಿ. ಓಟ ಮುಗಿಸಿ ಹೊಲಕ್ಕೆ ನುಗ್ಗಿದ ಹೋರಿಯನ್ನು ಕರೆದು ನಿಲ್ಲಿಸಲು ಅದನ್ನು ಸಾಕಿದವನೇ ಬೇಕು.

ಅಖಾಡ ಆರಿಸುವಾಗ ಮಾತ್ರ ನಿರ್ದಯರಾಗಿರಿ. ಹೋರಿ ಓಟಕ್ಕೆ ಅವಕಾಶ ಕೊಟ್ಟ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದಿದೆ ನಿಜ. ಆದರೆ ಹಾವೇರಿ, ಶಿವಮೊಗ್ಗ ಜಿಲ್ಲೆಗಳ ಹೋರಿ ಹಬ್ಬಗಳಲ್ಲಿ ಸುಮ್ಮನೆ ನೋಡುತ್ತ ನಿಂತವರೂ ಪ್ರಾಣ ಕಳೆದುಕೊಂಡಿದ್ದಾರೆ. ಎರಡೂ ಬದಿಗೆ ಗಟ್ಟಿ ಬೇಲಿ, ಪೊಲೀಸ್ ಅನುಮತಿ, ಆಂಬುಲೆನ್ಸ್, ಪಶುವೈದ್ಯರು ಇಲ್ಲದ ಕಡೆ ಬಹುಮಾನ ಎಷ್ಟೇ ದೊಡ್ಡದಿರಲಿ, ಗಾಡಿಯಿಂದ ಹೋರಿ ಇಳಿಸಬೇಡಿ. ನಿಮ್ಮೂರಿನದು, ಸುತ್ತಲಿನ ಎರಡು ಮೂರು ಊರಿನದು ಸಾಕು. ಸುಗ್ಗಿ ಮುಗಿಯುವವರೆಗೂ ಊರೂರು ಸುತ್ತುವ ತಂಡಗಳ ಬೆನ್ನು ಹತ್ತಿದರೆ ಹೋರಿಯ ಕಾಲೂ ಸೋಲುತ್ತದೆ, ಮನೆಯವರ ಸಹನೆಯೂ ಸೋಲುತ್ತದೆ.

ಈ ವರ್ಷವಷ್ಟೇ ಕರು ತಂದವರು ಬರುವ ದೀಪಾವಳಿಗೆ ಅವಸರ ಮಾಡಬೇಡಿ. ಹಲಗೆ ಸದ್ದು ಕಿವಿಗೆ ಬೀಳುವಷ್ಟು ದೂರದಲ್ಲಿ ಕಟ್ಟಿ, ಪಕ್ಕದಲ್ಲೇ ನಿಂತು ಅದರ ಕಿವಿ, ಉಸಿರು ಗಮನಿಸಿ. ಮೇವು ತಿನ್ನುವುದನ್ನು ಬಿಡದೆ ನಿಂತರೆ ಮುಂದಿನ ವರ್ಷದ ಯೋಚನೆ ಮಾಡಬಹುದು.