ಸುಟ್ಟುಹೋದ ಒಂಬತ್ತು ಕಾರುಗಳು

1957ರ ಫೆಬ್ರವರಿ 12ರಂದು ಇಂಗ್ಲೆಂಡಿನ ಕವೆಂಟ್ರಿ ನಗರದ ಬ್ರೌನ್ಸ್ ಲೇನ್‌ನಲ್ಲಿದ್ದ ಜಾಗ್ವಾರ್ ಕಾರ್ಖಾನೆಗೆ ಬೆಂಕಿ ಬಿತ್ತು. ನಷ್ಟವಾದ ಕಾರುಗಳಲ್ಲಿ ಅಮೆರಿಕಕ್ಕೆ ಹೊರಟು ನಿಂತಿದ್ದ ಒಂಬತ್ತು ಎಕ್ಸ್‌ಕೆಎಸ್‌ಎಸ್ ಸ್ಪೋರ್ಟ್ಸ್ ಕಾರುಗಳೂ ಇದ್ದವು. ಈ ಮಾದರಿಯಲ್ಲಿ ತಯಾರಿಸಬೇಕೆಂದಿದ್ದುದೇ ಒಟ್ಟು 25. ಒಂಬತ್ತು ಸುಟ್ಟುಹೋದ ಮೇಲೆ ಉಳಿದದ್ದು 16. ಐವತ್ತೊಂಬತ್ತು ವರ್ಷಗಳ ನಂತರ, 2016ರ ಮಾರ್ಚ್‌ನಲ್ಲಿ, ಅದೇ ಕಂಪನಿ ಒಂದು ಪ್ರಕಟಣೆ ಹೊರಡಿಸಿತು: ಸುಟ್ಟುಹೋದ ಆ ಒಂಬತ್ತು ಕಾರುಗಳನ್ನು ಈಗ ತಯಾರಿಸಿಕೊಡುತ್ತೇವೆ. ಬೆಲೆ ತಲಾ ಹತ್ತು ಲಕ್ಷ ಪೌಂಡ್‌ಗಿಂತ ಹೆಚ್ಚು.

ಶ್ರೀಮಂತರ ಈ ಆಟಿಕೆಯ ಬಗ್ಗೆ ನಾವೇಕೆ ತಲೆಕೆಡಿಸಿಕೊಳ್ಳಬೇಕು ಎಂದು ಓದುಗರು ಕೇಳಬಹುದು. 2008ರಲ್ಲಿ ಟಾಟಾ ಮೋಟಾರ್ಸ್ 230 ಕೋಟಿ ಡಾಲರ್ ತೆತ್ತು ಜಾಗ್ವಾರ್ ಮತ್ತು ಲ್ಯಾಂಡ್ ರೋವರ್‌ಗಳನ್ನು ಫೋರ್ಡ್‌ನಿಂದ ಕೊಂಡಿತು. ಆಳಿದವರ ನಾಡಿನ ಹೆಮ್ಮೆಯ ಹೆಸರೊಂದನ್ನು ಆಳಿಸಿಕೊಂಡವರ ನಾಡಿನ ಕಂಪನಿ ಕೊಂಡಿತೆಂದು ನಮ್ಮ ಪತ್ರಿಕೆಗಳು ಆಗ ಸಂಭ್ರಮಪಟ್ಟವು. ಹಾಗಾಗಿ ಈ ಒಂಬತ್ತು ಕಾರುಗಳ ಮಾಲೀಕತ್ವದ ಸರಪಳಿಯ ಒಂದು ತುದಿ ಮುಂಬಯಿಯಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿರುವುದು ಕಾರಿನ ಪ್ರಶ್ನೆಯಷ್ಟೇ ಆಗಿರದೆ ಗತಕಾಲವನ್ನು ಮತ್ತೆ ತಯಾರಿಸಿ ಮಾರಬಹುದೇ ಎಂಬ ಪ್ರಶ್ನೆಯೂ ಆಗಿದೆ. ಗತವೈಭವದ ವ್ಯಾಪಾರ ಜೋರಾಗಿರುವ ನಮ್ಮ ದೇಶದಲ್ಲಿ ಈ ಪ್ರಶ್ನೆ ಯಾರಿಗೂ ಪರಕೀಯವಲ್ಲ.

ಮೊದಲಿಗೆ ಎಕ್ಸ್‌ಕೆಎಸ್‌ಎಸ್ ಏನೆಂದು ತಿಳಿಯಬೇಕು. ಫ್ರಾನ್ಸಿನ ಲೆ ಮಾನ್ಸ್ ಎಂಬಲ್ಲಿ ಪ್ರತಿವರ್ಷ ಇಪ್ಪತ್ನಾಲ್ಕು ಗಂಟೆಗಳ ರೇಸು ನಡೆಯುತ್ತದೆ. ಜಾಗ್ವಾರ್‌ನ ಡಿ-ಟೈಪ್ ಕಾರು 1955, 1956, 1957ರಲ್ಲಿ ಸತತವಾಗಿ ಆ ರೇಸನ್ನು ಗೆದ್ದಿತು. 1956ರ ಕೊನೆಗೆ ಕಂಪನಿ ತನ್ನದೇ ತಂಡವನ್ನು ರೇಸಿನಿಂದ ಹಿಂತೆಗೆದುಕೊಂಡಾಗ ಮಾರಾಟವಾಗದ ಡಿ-ಟೈಪ್‌ಗಳು ಕಾರ್ಖಾನೆಯಲ್ಲೇ ಉಳಿದವು. ಅವನ್ನೇನು ಮಾಡುವುದು? ಚಾಲಕನ ಬೆನ್ನ ಹಿಂದಿದ್ದ ರೆಕ್ಕೆಯನ್ನು ತೆಗೆದರು, ಪಕ್ಕದಲ್ಲಿ ಕೂರುವವರಿಗೆ ಒಂದು ಬಾಗಿಲು ಇಟ್ಟರು, ಅಗಲವಾದ ಗಾಜು, ಮಡಚುವ ಮೇಲುಹೊದಿಕೆ, ಬಂಪರು, ಸಾಮಾನಿಡಲು ಕ್ಯಾರಿಯರು ಸೇರಿಸಿದರು. ರೇಸಿನ ಕಾರು ರಸ್ತೆಯ ಕಾರಾಯಿತು. ಉಳಿಕೆಯನ್ನು ಸದುಪಯೋಗ ಮಾಡುವ ಗೃಹಿಣಿಯ ಜಾಣ್ಮೆ ಇದು. ಮುಂದೆ ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಇಂಥದೊಂದು ಕಾರನ್ನು ಕೊಂಡು ಓಡಿಸಿದ್ದರಿಂದ ಅದರ ಸುತ್ತ ದಂತಕಥೆ ಬೆಳೆಯಿತು.

ಹೊಸ ಒಂಬತ್ತನ್ನು ತಯಾರಿಸಿದ ಬಗೆಯನ್ನು ಮೆಚ್ಚದೆ ಇರಲಾಗದು. ಹಳೆಯ ಕಾರಿನ ಮೈಯನ್ನು ರೂಪಿಸಲು ಬಳಸಿದ್ದ ಅಚ್ಚು ಉಳಿದಿರಲಿಲ್ಲ. ಬದುಕುಳಿದ 1957ರ ಕಾರುಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ನಕ್ಷೆ ಕೂರಿಸಿ, ಹೊಸ ಅಚ್ಚು ಮಾಡಿದರು. ಅದರ ಮೇಲೆ ಮೆಗ್ನೀಸಿಯಂ ಮಿಶ್ರಲೋಹದ ತಗಡನ್ನು ಕೈಯಿಂದಲೇ ಬಾಗಿಸಿ ಮೈ ಕಟ್ಟಿದರು. ಒಂದೊಂದು ಕಾರಿಗೆ ಎರಡು ಸಾವಿರಕ್ಕೂ ಹೆಚ್ಚು ರಿವೆಟ್‌ಗಳು. ಎಂಜಿನ್ 3.4 ಲೀಟರಿನ ಆರು ಸಿಲಿಂಡರಿನದು, ಶಕ್ತಿ 262 ಅಶ್ವಬಲ. ಕಂಪನಿಯ ಲೆಕ್ಕದಂತೆ ಒಂದು ಕಾರಿಗೆ ಹಿಡಿದದ್ದು ಸುಮಾರು ಹತ್ತು ಸಾವಿರ ಗಂಟೆಗಳ ದುಡಿಮೆ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಇನ್ನೂರೈವತ್ತು ದಿನ ಎಂದು ಲೆಕ್ಕ ಹಾಕಿದರೆ, ಒಬ್ಬನೇ ಕುಶಲಕರ್ಮಿಯ ಐದು ವರ್ಷಗಳ ಆಯುಸ್ಸು.

ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎಂದು ಕರೆಯುವ ಕೆಲಸದ ತೀರಾ ನಾಜೂಕಾದ ರೂಪವಿದು. ಜಜ್ಜಿಹೋದ ಬಾಗಿಲನ್ನು ಮರದ ಸುತ್ತಿಗೆಯಿಂದ ತಟ್ಟಿ, ಅಂಗೈಯಿಂದ ಸವರಿ, ಕಣ್ಣಿಗೆ ಕಾಣದ ತಗ್ಗನ್ನು ಬೆರಳಿನಿಂದ ಪತ್ತೆಹಚ್ಚುವ ಟಿಂಕರ್‌ಗಳನ್ನು ನಾವೆಲ್ಲ ನೋಡಿದ್ದೇವೆ. ತಗಡು ಎಲ್ಲಿ ಹಿಗ್ಗುತ್ತದೆ, ಎಲ್ಲಿ ಹರಿಯುತ್ತದೆ ಎಂಬ ಅರಿವು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಅದು ಉಸ್ತಾದನ ಕೈಯಿಂದ ಶಾಗಿರ್ದನ ಕೈಗೆ ಬರಬೇಕು. ಸ್ಕ್ಯಾನಿಂಗ್ ಯಂತ್ರ ಆಕಾರವನ್ನು ಕೊಡಬಲ್ಲದು, ಕೈಯನ್ನು ಕೊಡಲಾರದು. ಆದ್ದರಿಂದ ಈ ಯೋಜನೆಯಲ್ಲಿ ನಿಜವಾಗಿ ಮರುಹುಟ್ಟು ಪಡೆದದ್ದು ಏನಾದರೂ ಇದ್ದರೆ, ಅದು ಆ ಕೈಗಳ ವಿದ್ಯೆ.

ಇಷ್ಟು ಮೆಚ್ಚಿದ ಮೇಲೆ ತಕರಾರುಗಳಿಗೆ ಬರಬೇಕು. 1957ರ ಎಕ್ಸ್‌ಕೆಎಸ್‌ಎಸ್‌ನ ಹುಟ್ಟಿಗೆ ಕಾರಣವೇ ರೇಸಿನ ಕಾರನ್ನು ಊರ ರಸ್ತೆಗೆ ತರುವುದಾಗಿತ್ತು. ಹೊಸ ಒಂಬತ್ತು ಕಾರುಗಳಾದರೋ ಇಂದಿನ ಸುರಕ್ಷತೆಯ ಮತ್ತು ಹೊಗೆಯ ನಿಯಮಗಳಿಗೆ ಹೊಂದುವಂಥವಲ್ಲ. ಬೇರೆ ಹೊಸ ಕಾರುಗಳಂತೆ ನೋಂದಣಿ ಮಾಡಿಸಿ ರಸ್ತೆಗಿಳಿಸುವ ಹಾಗಿಲ್ಲ. ಬಂಪರ್ ಇದೆ, ಗುದ್ದುವ ಸಂದರ್ಭವಿಲ್ಲ. ಸಾಮಾನಿನ ಕ್ಯಾರಿಯರ್ ಇದೆ, ಪ್ರಯಾಣವಿಲ್ಲ. ರಸ್ತೆಗಾಗಿ ಹುಟ್ಟಿದ ಕಾರು ಮರುಹುಟ್ಟಿನಲ್ಲಿ ರಸ್ತೆಯನ್ನೇ ಕಳೆದುಕೊಂಡಿತು.

ಎರಡನೆಯದು ನಂಬರಿನ ವಿಷಯ. ಈ ಕಾರುಗಳಿಗೆ ಕಂಪನಿ ಕೊಟ್ಟದ್ದು 1957ರ ಸರಣಿಯ ಚಾಸಿ ನಂಬರುಗಳನ್ನು. ಇವು ನಕಲುಗಳಲ್ಲ, ಅಂದು ನಿಂತುಹೋದ ಕೆಲಸದ ಮುಂದುವರಿಕೆ ಎಂಬುದು ಅದರ ವಾದ. ಮುದ್ರಣ ಬರುವ ಮುಂಚಿನ ಕಾಲದಲ್ಲಿ ಅರಬಿ, ಫಾರ್ಸಿ ಹಸ್ತಪ್ರತಿಗಳನ್ನು ಕಾತಿಬರು ಪ್ರತಿ ಮಾಡುತ್ತಿದ್ದರು. ಎಷ್ಟೋ ಪ್ರತಿಗಳ ಕೊನೆಯ ಪುಟದಲ್ಲಿ ‘ತರ್ಕೀಮಾ’ ಎಂಬ ನಾಲ್ಕು ಸಾಲುಗಳಿರುತ್ತವೆ: ಬರೆದವನ ಹೆಸರು, ಬರೆದ ಊರು, ಮುಗಿಸಿದ ದಿನ. ಮೂಲ ಲೇಖಕ ಮುನ್ನೂರು ವರ್ಷ ಹಿಂದಿನವನಾದರೂ ಪ್ರತಿ ಮಾಡಿದವನು ತನ್ನ ಕಾಲವನ್ನು ಮುಚ್ಚಿಡುತ್ತಿರಲಿಲ್ಲ. ಪ್ರತಿ ಮಾಡುವುದು ಅವಮಾನದ ಕೆಲಸವಾಗಿರಲಿಲ್ಲ. ಆ ಕೈಗಳಿಲ್ಲದಿದ್ದರೆ ಎಷ್ಟೋ ಗ್ರಂಥಗಳು ಇಂದು ಹೆಸರಿಗೂ ಉಳಿಯುತ್ತಿರಲಿಲ್ಲ. ಜಾಗ್ವಾರ್ ಕಂಪನಿ ಯಾರಿಗೂ ಮೋಸ ಮಾಡಿಲ್ಲ, ಕಾರು ಇಂದಿನದೆಂದು ಕೊಂಡವರಿಗೆ ಗೊತ್ತು. ಆದರೂ ಆ ಲೋಹದ ಮೇಲೆ ಕೊರೆದ ಸಂಖ್ಯೆ ತನ್ನ ನಿಜವಾದ ಕಾಲವನ್ನು ಹೇಳುವುದಿಲ್ಲ. ಬೆಂಕಿ ಬಿದ್ದೇ ಇಲ್ಲವೆಂಬಂತೆ ಅದು ವರ್ತಿಸುತ್ತದೆ. ಹತ್ತು ಸಾವಿರ ಗಂಟೆ ದುಡಿದವರ ಕಾಲವನ್ನು ಅಳಿಸಿ, ಅವರ ತಾತಂದಿರ ಕಾಲವನ್ನು ಬರೆಯುತ್ತದೆ.

ಈ ದಾರಿಯಲ್ಲಿ ಇದು ಮೊದಲ ಹೆಜ್ಜೆಯೂ ಅಲ್ಲ, ಕೊನೆಯದೂ ಅಲ್ಲ. 1963ರಲ್ಲಿ ಹಗುರ ಮೈಯ 18 ಇ-ಟೈಪ್ ಕಾರುಗಳ ಯೋಜನೆಯಿತ್ತು, ತಯಾರಾದದ್ದು 12. ಬಾಕಿ ಉಳಿದ ಆರನ್ನು ತಯಾರಿಸುವುದಾಗಿ 2014ರಲ್ಲಿ ಪ್ರಕಟಿಸಿದರು. ಆಮೇಲೆ ಈ ಒಂಬತ್ತು. 1955ರಲ್ಲಿ ನೂರು ಡಿ-ಟೈಪ್ ತಯಾರಿಸುವ ಉದ್ದೇಶವಿತ್ತು, 75 ಮಾತ್ರ ಆದವು ಎಂದು 2018ರಲ್ಲಿ ಉಳಿದ 25ಕ್ಕೆ ಕೈಹಾಕಿದರು. 2021ರಲ್ಲಿ ಎಂಟು ಸಿ-ಟೈಪ್‌ಗಳ ಸರದಿ. ಈ ಸಲ ಸುಟ್ಟುಹೋದ ಕಾರಿನ ಕತೆಯಿಲ್ಲ, ಖಾಲಿ ಉಳಿದ ನಂಬರಿನ ನೆಪವೂ ಇಲ್ಲ, ಎಪ್ಪತ್ತನೆಯ ವಾರ್ಷಿಕೋತ್ಸವವೇ ಸಾಕಾಯಿತು. ಒಂದು ನಷ್ಟವನ್ನು ತುಂಬಿಕೊಡುವುದೆಂದು ಶುರುವಾದದ್ದು ಕ್ರಮೇಣ ಒಂದು ವ್ಯಾಪಾರ ವಿಭಾಗವಾಗಿ ಬೆಳೆಯಿತು.

ಹೀಗೆ ಮರಳಿ ಬರುವ ಗತಕಾಲದಲ್ಲಿ ಟ್ರೋಫಿಗಳಿರುತ್ತವೆ, ಹೆಣಗಳಿರುವುದಿಲ್ಲ. 1955ರ ಲೆ ಮಾನ್ಸ್‌ನಲ್ಲಿ ಜಾಗ್ವಾರ್ ಗೆದ್ದದ್ದು ನಿಜ. ಅದೇ ರೇಸಿನಲ್ಲಿ ಮರ್ಸಿಡಿಸ್ ಕಾರೊಂದು ಇನ್ನೊಂದು ಕಾರಿಗೆ ಬಡಿದು ಜನರ ಮೇಲೆ ಹಾರಿಬಿದ್ದು 80ಕ್ಕೂ ಹೆಚ್ಚು ಮಂದಿ ಸತ್ತರು. ಡಿ-ಟೈಪ್ ಓಡಿಸುತ್ತಿದ್ದ ಮೈಕ್ ಹಾಥಾರ್ನ್ ಪಿಟ್‌ಗೆ ಹೋಗಲು ಬ್ರೇಕ್ ಹಾಕಿದಾಗ ಹಿಂದಿನ ಕಾರು ಪಕ್ಕಕ್ಕೆ ತಿರುಗಿದ್ದು ಆ ಸರಣಿಯ ಆರಂಭ. ವಿಚಾರಣೆ ಯಾವ ಚಾಲಕನನ್ನೂ ಹೊಣೆ ಮಾಡಲಿಲ್ಲ. ರೇಸು ನಿಲ್ಲಲಿಲ್ಲ, ಮರ್ಸಿಡಿಸ್ ತಂಡ ನಡುವೆಯೇ ಹಿಂದೆ ಸರಿಯಿತು, ಜಾಗ್ವಾರ್ ಮುಂದುವರಿದು ಗೆದ್ದಿತು. ಡಿ-ಟೈಪನ್ನು ಮತ್ತೆ ತಯಾರಿಸಬಾರದೆಂದು ನಾನು ಹೇಳುತ್ತಿಲ್ಲ. ನೆನಪನ್ನು ಮಾರುವವರು ಅರ್ಧ ನೆನಪನ್ನಷ್ಟೇ ಮಾರುತ್ತಾರೆ ಎಂಬುದನ್ನು ಗಮನಿಸಬೇಕು.

ಹಾಗಾದರೆ ಈ ಆಕಾರದ ಒಡೆಯರು ಯಾರು? ಸ್ವೀಡನ್ನಿನ ದಂಪತಿಗಳೊಬ್ಬರು ಸಿ-ಟೈಪ್ ಮಾದರಿಯ ಕಾರನ್ನು ಕಟ್ಟತೊಡಗಿದಾಗ ಕಂಪನಿ ಅವರ ಮೇಲೆ ಕೃತಿಸ್ವಾಮ್ಯದ ಮೊಕದ್ದಮೆ ಹೂಡಿತು. 2020ರಲ್ಲಿ ಸ್ಟಾಕ್‌ಹೋಮಿನ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪಿತ್ತಿತು. 2023ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. ತಾನು ಮಾಡಿದರೆ ಮುಂದುವರಿಕೆ, ಬೇರೆಯವರು ಮಾಡಿದರೆ ನಕಲು ಎಂಬ ನ್ಯಾಯ ಕೋರ್ಟಿನ ಹೊರಗೂ ಒಪ್ಪುವ ಮಾತಲ್ಲ. ದಶಕಗಳ ಕಾಲ ಈ ಹಳೆಯ ಕಾರುಗಳನ್ನು ಬಿಚ್ಚಿ, ಜೋಡಿಸಿ, ಇಲ್ಲದ ಬಿಡಿಭಾಗಗಳನ್ನು ಕೈಯಾರೆ ಮಾಡಿಕೊಂಡು ಜೀವಂತವಾಗಿಟ್ಟವರು ಇಂಥ ಅಭಿಮಾನಿಗಳೇ. ಕಂಪನಿಗೆ ತನ್ನ ಪರಂಪರೆಯ ನೆನಪಾದದ್ದು ಅದಕ್ಕೆ ಬೆಲೆ ಬಂದ ಮೇಲೆ.

ಈ ಮೂರೂ ಕಾರುಗಳ ಆಕಾರದ ಹಿಂದಿದ್ದದ್ದು ಮಾಲ್ಕಂ ಸೇಯರ್ (1916-1970) ಎಂಬ ಎಂಜಿನಿಯರ್‌ನ ಬುದ್ಧಿ. ವಿಮಾನ ಕಾರ್ಖಾನೆಯಲ್ಲಿ ಗಾಳಿಯ ಗುಣ ಕಲಿತ ಈತ 1948ರಲ್ಲಿ ಇರಾಕಿಗೆ ಹೋಗಿ ಕೆಲಕಾಲ ಬಾಗ್ದಾದಿನಲ್ಲಿದ್ದ. ವಕ್ರರೇಖೆಗಳ ಗಣಿತವನ್ನು ಅಲ್ಲಿ ಪರಿಚಯವಾದ ಒಬ್ಬ ಜರ್ಮನ್ ಪ್ರಾಧ್ಯಾಪಕನಿಂದ ಕಲಿತ ಎಂಬ ಮಾತೂ ಇದೆ. ಅದು ನಿಜವೋ ಕತೆಯೋ, ವಿಮಾನದಿಂದ ಕಾರಿಗೆ ವಿದ್ಯೆ ದಾಟಿದ್ದಂತೂ ದಿಟ. ಸುಂದರವಾದ ಯಾವುದೂ ಒಂದೇ ಮನೆಯಲ್ಲಿ ಹುಟ್ಟುವುದಿಲ್ಲ. ಹಲವು ಕಡೆಯಿಂದ ಹರಿದುಬಂದ ನೀರಿಗೆ ಒಬ್ಬರು ಕಟ್ಟೆ ಕಟ್ಟಿ ‘ಇದು ನಮ್ಮ ಬಾವಿ’ ಎಂದು ಫಲಕ ಹಾಕುತ್ತಾರೆ, ಅಷ್ಟೆ.

2024ರ ನವೆಂಬರಿನಲ್ಲಿ ಜಾಗ್ವಾರ್ ತನ್ನ ಹೊಸ ಅವತಾರವನ್ನು ಘೋಷಿಸಿತು. ಇನ್ನು ಮುಂದೆ ಪೂರ್ತಿ ವಿದ್ಯುತ್ ಕಾರುಗಳಂತೆ. ಅದಕ್ಕೆ ಆರಿಸಿಕೊಂಡ ಘೋಷವಾಕ್ಯ ‘ಕಾಪಿ ನಥಿಂಗ್’, ಯಾವುದನ್ನೂ ನಕಲು ಮಾಡಬೇಡಿ. ಅದಕ್ಕೆ ಮುಂಚಿನ ಹತ್ತು ವರ್ಷ ತನ್ನನ್ನೇ ತಾನು ಇಷ್ಟು ಶ್ರದ್ಧೆಯಿಂದ ನಕಲು ಮಾಡಿಕೊಂಡ ಕಂಪನಿಯ ಬಾಯಲ್ಲಿ ಈ ಮಾತು ಕೇಳಿ ನಗು ಬರುತ್ತದೆ. ಮೂಲ ಕಾರುಗಳು ಹುಟ್ಟಿದ ಬ್ರೌನ್ಸ್ ಲೇನ್‌ನಲ್ಲಿ ಕಾರು ತಯಾರಿಕೆ ಫೋರ್ಡ್ ಮಾಲೀಕತ್ವದ ಕಾಲದಲ್ಲೇ, 2005ರಲ್ಲಿ ನಿಂತುಹೋಗಿತ್ತು. ಅಲ್ಲಿ ದುಡಿದವರ ಕಸುಬು ಜೀವನೋಪಾಯವಾಗಿದ್ದಾಗ ಅದಕ್ಕೆ ಬೆಲೆಯಿರಲಿಲ್ಲ. ಕೆಲಸ ಹೋದ ಮೇಲೆ ಅದೇ ಕಸುಬು ಹತ್ತು ಲಕ್ಷ ಪೌಂಡಿನ ಸರಕಾಗಿ ಮರಳಿತು. ಗಣಕಯಂತ್ರ ಬಂದು ಉರ್ದು ಪತ್ರಿಕೆಗಳ ಕಾತಿಬರು ಮನೆಗೆ ಹೋದ ಮೇಲೆ, ಅವರ ಬರಹವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರು ಹೆಚ್ಚಾದ ಹಾಗೆ.

ಸುಟ್ಟದ್ದು ಸುಟ್ಟುಹೋಯಿತು. ಆ ಒಂಬತ್ತು ಕಾರುಗಳು ಮರಳಿ ಬರಲಿಲ್ಲ, ಬೇರೆ ಒಂಬತ್ತು ಹುಟ್ಟಿದವು. ಅವು ನಿಜಕ್ಕೂ ಚೆಲುವಾದ ಕಾರುಗಳು. ಅವುಗಳ ಮೇಲೆ 1957ರ ಬದಲು 2017 ಎಂದು ಬರೆದು, ತಗಡು ಬಾಗಿಸಿದ ಹುಡುಗರ ಹೆಸರನ್ನು ಒಂದು ಮೂಲೆಯಲ್ಲಿ ಕೊರೆದಿದ್ದರೆ, ಮುಂದಿನ ತಲೆಮಾರು ಅವನ್ನು ಮುಟ್ಟಿ ನೋಡುವಾಗ ಕವೆಂಟ್ರಿಯ ಬೆಂಕಿಯ ಜತೆಗೆ ಆ ಕೈಗಳನ್ನೂ ನೆನೆಯುತ್ತಿತ್ತು.