ನೋವಿದ್ದರೆ ಮಾತ್ರ

ದೊಡ್ಡಮ್ಮನ ಔಷಧಿ ಚೀಟಿಗಳನ್ನು ನಾನಿನ್ನೂ ಎಸೆದಿಲ್ಲ. ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿ, ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದ ಕಾಲದವು. ಒಂದೊಂದರಲ್ಲೂ ನೋವಿನ ಮಾತ್ರೆಯ ಮುಂದೆ ಅದೇ ಬರಹ: ಎಸ್‌ಒಎಸ್. ನೋವಿದ್ದರೆ ಮಾತ್ರ ತಗೊಳ್ಳಿ ಅಂತ. ನೋವಿಲ್ಲದ ಗಳಿಗೆಯೇ ಅವರಿಗಿರಲಿಲ್ಲ. ಮಾರ್ಫಿನ್ ಕೇಳಿದಾಗ ಡಾಕ್ಟರು, "ಈಗಲೇ ಬೇಡಮ್ಮ, ಅಭ್ಯಾಸವಾಗಿಬಿಡುತ್ತೆ" ಅಂದರು.

ಈ ರೂಢಿ ತಪ್ಪು ಎಂದು ನನಗೆ ಖಚಿತವಾಗಿದೆ. ಕ್ಯಾನ್ಸರ್ ನೋವಿಗೆ ಮದ್ದನ್ನು ಗಡಿಯಾರ ನೋಡಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿತು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಬಲ ಸುಮಾರು ನಾಲ್ಕು ಗಂಟೆ. ಅದು ಇಳಿಯುವ ಮೊದಲೇ ಮುಂದಿನದು ಒಳಗೆ ಹೋಗಬೇಕು. ನೋವು ಬರಲಿ ಎಂದು ಕಾಯಿಸಿದರೆ ರೋಗಿ ಪ್ರತಿ ಸಲವೂ ನರಳಿ, ಬೇಡಿ ಮಾತ್ರೆ ಪಡೆಯಬೇಕಾಗುತ್ತದೆ. ಹಾಗೆ ಬೇಡಿದ್ದನ್ನೇ ಚಟ ಅನ್ನುತ್ತಾರಲ್ಲ, ಅದು ನನಗೆ ಸಹಿಸಲಾಗದ ಮಾತು.

ಭಯಕ್ಕೆ ಬೇರಿದೆ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳು ಹಲವು ಪರವಾನಗಿಗಳಿಗಾಗಿ ಅಲೆಯಬೇಕಾಯಿತು. ಬಹಳಷ್ಟು ಕಡೆ ತರಿಸುವುದನ್ನೇ ಬಿಟ್ಟರು. ಮುಂದಿನ ವರ್ಷಗಳಲ್ಲಿ ದೇಶದ ಬಳಕೆ ಶೇ. 97ರಷ್ಟು ಕುಸಿಯಿತು. ಸರ್ಕಾರದ ಅನುಮತಿಯಲ್ಲೇ ಅಫೀಮು ಬೆಳೆಯುವ, ನೀಮಚ್ ಮತ್ತು ಗಾಜಿಪುರದಲ್ಲಿ ಅದರ ಕಾರ್ಖಾನೆಗಳಿರುವ ದೇಶ ಇದು! 2014ರ ತಿದ್ದುಪಡಿಯಿಂದ ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಅನುಮತಿ ಸಾಕಾಯಿತು. ಕಾಯ್ದೆ ಸಡಿಲವಾದರೂ ಬರೆಯುವ ಕೈ ಸಡಿಲವಾಗಲಿಲ್ಲ.

ಮನೆಗೆ ಕೊಟ್ಟರೆ ದುರ್ಬಳಕೆಯಾಗುತ್ತದೆ ಎಂಬ ಆತಂಕಕ್ಕೆ ಕೋಝಿಕ್ಕೋಡಿನಲ್ಲಿ ಉತ್ತರ ಸಿಕ್ಕಿದೆ. 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಅಲ್ಲಿ ನೋವಿನ ಚಿಕಿತ್ಸೆಯ ಸಂಸ್ಥೆ ಕಟ್ಟಿದರು. ಮಾರ್ಫಿನ್ ಮಾತ್ರೆಗಳನ್ನು ಮನೆಗೊಯ್ದ 1,700ಕ್ಕೂ ಹೆಚ್ಚು ರೋಗಿಗಳ ಎರಡು ವರ್ಷದ ಲೆಕ್ಕ ನೋಡಿದಾಗ ಮದ್ದು ಕಳ್ಳದಾರಿ ಹಿಡಿದದ್ದು ಕಾಣಲಿಲ್ಲ.

ಎಲ್ಲ ಬೆನ್ನುನೋವಿಗೂ ಮಾರ್ಫಿನ್ ಬರೆಯಲಿ ಅನ್ನುತ್ತಿಲ್ಲ. ಅಮೆರಿಕದಲ್ಲಿ ಇಂಥ ಮಾತ್ರೆಗಳನ್ನು ಎಗ್ಗಿಲ್ಲದೆ ಬರೆದು ಆದ ಸಾವುಗಳು ನಿಜ. ಆದರೆ ಆ ಎಚ್ಚರವನ್ನು ಮೂಳೆಗೆ ಕ್ಯಾನ್ಸರ್ ಇಳಿದವರ ಮೇಲೆ ಹೇರುವುದು ಕ್ರೌರ್ಯ.

ದೊಡ್ಡಮ್ಮ ಮಲಗಿದ ಹನ್ನೊಂದನೇ ವಾರ ನೋವಿನ ಚಿಕಿತ್ಸೆ ಬಲ್ಲ ಇನ್ನೊಬ್ಬ ವೈದ್ಯೆ ಸಿಕ್ಕರು. ಎಲ್ಲಿ ನೋವು, ಹೇಗೆ ನೋವು, ನಿದ್ದೆ ಬರುತ್ತಾ ಎಂದು ಅರ್ಧ ಗಂಟೆ ಕೇಳಿದರು. ಚೀಟಿಯಲ್ಲಿ ಹೊತ್ತು ಬರೆದರು: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ ಎರಡು. ಮಲಬದ್ಧತೆಗೆ ಔಷಧಿಯನ್ನೂ ಕೆಳಗೇ ಸೇರಿಸಿದರು. ಮೂರನೇ ದಿನ ದೊಡ್ಡಮ್ಮ ತಾವೇ ಬಲ ಮಗ್ಗುಲಿಗೆ ಹೊರಳಿ, "ತಲೆ ಬಾಚೇ, ಸಿಕ್ಕಾಗಿದೆ" ಅಂದರು.